ಕೇಳದೆ ಬಡಿಸುವ ಕೈ

ಮಾಳಮ್ಮನ ಖಾನಾವಳಿಯಲ್ಲಿ ‘ಏನು ಬೇಕು’ ಎಂದು ಕೇಳುವ ಪದ್ಧತಿ ಇರಲಿಲ್ಲ. ಶಹಾಪುರದಿಂದ ಸುರಪುರಕ್ಕೆ ಹೋಗುವ ದಾರಿಯ ಬದಿಯಲ್ಲಿ, ಬೇವಿನ ಮರದ ಬುಡದಲ್ಲಿದ್ದ ಆ ಮಣ್ಣಿನ ಮನೆಗೆ ಯಾರು ಬಂದು ಕುಳಿತರೂ ಅವರವರ ಗಂಗಾಳಕ್ಕೆ ಬೀಳಬೇಕಾದದ್ದು ತಾನಾಗಿ ಬೀಳುತ್ತಿತ್ತು. ಒಮ್ಮೆ ಉಂಡು ಹೋದವನ ಬಾಯಿರುಚಿಯನ್ನು ಆಕೆ ಮರೆಯುತ್ತಿರಲಿಲ್ಲ. ಹಲ್ಲು ಬಿದ್ದ ರಂಗಣ್ಣನಿಗೆ ರೊಟ್ಟಿಯನ್ನು ಎಸರಿನಲ್ಲಿ ನೆನೆಸಿ ಕೊಡಬೇಕು, ಹತ್ತಿಕುಣಿಯಿಂದ ಕುರಿ ಹೊಡೆದುಕೊಂಡು ಬರುವವರಿಗೆ ಖಾರ ಎರಡು ಪಟ್ಟು ಹಾಕಬೇಕು, ಹೆಂಡತಿ ಸತ್ತು ತಿಂಗಳಾಗದವನ ಎದುರು ಸ್ವಲ್ಪ ಹೊತ್ತು ಸುಮ್ಮನೆ ಕೂತು ಏಳಬೇಕು. ಉಣ್ಣುವವನು ಬಾಯಿಬಿಟ್ಟು ಕೇಳಿದನೆಂದರೆ ಬಡಿಸುವವಳ ಕೆನ್ನೆಗೆ ಹೊಡೆದ ಹಾಗೆ ಎಂದು ಆಕೆ ಹೇಳುತ್ತಿದ್ದಳು. ಗಂಡ ಸತ್ತ ಮೇಲೆ ಹದಿನಾಲ್ಕು ವರ್ಷ ಈ ಹಟದ ಮೇಲೆಯೇ ಬದುಕಿದ್ದಳು. ಅದೇ ಹಟ ಒಬ್ಬನ ಕೊರಳಿಗೆ ಬರುತ್ತದೆಂದು ಆಕೆಗೆ ಹೇಗೆ ಗೊತ್ತಾಗಬೇಕು?

ಖಂಡದ ಅಡುಗೆಗೆ ಆ ಸೀಮೆಯಲ್ಲಿ ಒಂದು ಕಟ್ಟು ಇತ್ತು. ಕುರಿ ಯಾರ ಹಟ್ಟಿಯದೇ ಆಗಲಿ, ಯಾವ ದೇವರ ಹೆಸರಿಗೆ ಬಿಟ್ಟದ್ದೇ ಆಗಲಿ, ಕೊಯ್ಯುವವನು ಮುಲ್ಲಾ. ಅವನು ಬಿಸ್ಮಿಲ್ಲಾ ಎಂದು ಚೂರಿ ಎಳೆದರೆ ಅದು ಉಣ್ಣುವ ಖಂಡ, ಬೇರೆಯವನು ಕೊಯ್ದರೆ ಹೆಣ. ಸಾಬರಿಗಿಂತ ಹಿಂದೂಗಳೇ ಈ ಮಾತಿನಲ್ಲಿ ಬಿಗಿ. ಮಾಳಮ್ಮನ ಹಿತ್ತಲಿಗೆ ಹನ್ನೆರಡು ವರ್ಷದಿಂದ ಕೊಯ್ಯಲು ಬರುತ್ತಿದ್ದವನು ಉಸ್ಮಾನಸಾಬ. ಸಣಕಲು ಆಳು, ಎರಡು ಮಾತಿಗೊಮ್ಮೆ ಕೆಮ್ಮುವವನು. ಕುರಿಗೆ ಮೊದಲು ಬೊಗಸೆಯಲ್ಲಿ ನೀರು ಕುಡಿಸಿ, ಅದರ ಕಣ್ಣಿನ ಮೇಲೆ ಅಂಗೈ ಇಟ್ಟು, ಆಮೇಲೆ ಚೂರಿ ತೆಗೆಯುತ್ತಿದ್ದ. ಕೊರಳಿನ ತುಂಡು ಅವನ ಪಾಲು. ಅದನ್ನು ಬಟ್ಟೆಯಲ್ಲಿ ಕಟ್ಟಿಕೊಂಡು ‘ಬರ್ತೀನಕ್ಕಾ’ ಎಂದು ಹೋದರೆ ಮುಗಿಯಿತು, ಮತ್ತೆ ಕುರಿ ಬಂದಾಗಲೇ ಅವನ ಮುಖ ಕಾಣುವುದು.

ಮುಲ್ಲಾ ಕೊಯ್ದನೋ ಇಲ್ಲವೋ ಎಂಬುದು ಬೇರೆಯವರಿಗೆ ರೂಢಿಯ ಮಾತು, ಹುಲಗಪ್ಪನಿಗೆ ಮಾತ್ರ ಜೀವದ ಮಾತು. ಕೊಡೇಕಲ್ ಕಡೆಯವನು, ಬಂಡಿ ಹೊಡೆಯುವವನು, ಆನೆಯಂಥ ಮೈ. ಹುಡುಗನಾಗಿದ್ದಾಗ ಬೀಗರ ಮನೆಯಲ್ಲಿ ರೋಗ ಬಂದು ಸತ್ತ ಕುರಿಯ ಖಂಡ ಉಂಡು ಅವನ ತಂಗಿ ಕಾರಿ ಕಾರಿ ಅವನ ತೊಡೆಯ ಮೇಲೆಯೇ ಪ್ರಾಣ ಬಿಟ್ಟಿದ್ದಳು. ಅಂದಿನಿಂದ ಯಾರು ಕೊಯ್ದರೆಂದು ಕಿವಿಯಾರೆ ಕೇಳದೆ ತುತ್ತು ಅವನ ಗಂಟಲಿನಲ್ಲಿ ಇಳಿಯುತ್ತಿರಲಿಲ್ಲ. ಮೊದಲ ಸಲ ಖಾನಾವಳಿಗೆ ಬಂದಾಗ ಅದನ್ನು ಕೇಳಿಯೇಬಿಟ್ಟ. ಸಾಲಿನಲ್ಲಿ ಕೂತವರು ಇಷ್ಟು ದೊಡ್ಡ ಆಳಿಗೆ ಇಷ್ಟು ಸಣ್ಣ ಗುಂಡಿಗೆಯೇ ಎಂದು ನಕ್ಕರು. ಮಾಳಮ್ಮ ನಗಲಿಲ್ಲ. ಎರಡನೆಯ ಸಲ ಅವನು ಬಂದಾಗ ಬಾಯಿ ತೆರೆಯಲೂ ಬಿಡದೆ, ಬಡಿಸಲು ಬಗ್ಗಿದವಳು ಅವನ ಕಿವಿಯ ಹತ್ತಿರ ಮೆಲ್ಲಗೆ ಹೇಳಿದಳು.

“ಮುಲ್ಲಾನ ಕೈದಽ ಅದ. ಉಣ್ಣೋ ತಮ್ಮಾ.”

ಅವನ ಹೆಗಲು ಸಡಿಲಾಯಿತು. ಮೂರು ಆಳಿನ ಊಟ ಒಬ್ಬನೇ ಉಂಡ. ಅಂದಿನಿಂದ ಹತ್ತು ವರ್ಷ, ಪ್ರತಿ ಊಟಕ್ಕೂ ಆ ಮಾತು ಅವನ ಪಾಲಿಗೆ ಉಪ್ಪಿನ ಹಾಗೆ ಬಿದ್ದೇ ಬೀಳುತ್ತಿತ್ತು. ಅವನ ತಮ್ಮ ಅಂಬ್ರಪ್ಪನೂ ಜೊತೆಗೆ ಬರುತ್ತಿದ್ದ. ಅವನಿಗೆ ಬೇಕಾದದ್ದು ಗಡಿಗೆಯ ತಳ ಹತ್ತಿದ ಖಂಡ, ಅದೂ ಕೇಳದೆ ಸಿಗುತ್ತಿತ್ತು.

ನಿಜಾಮನ ರಾಜ್ಯ ಮುಳುಗುವ ವರ್ಷ ಬಂತು. ಮುಳುಗುವ ರಾಜ್ಯಕ್ಕೆ ಸೊಕ್ಕು ಜಾಸ್ತಿ. ರಜಾಕಾರರು ಊರೂರು ತಿರುಗಿ ಬಣವೆ ಸುಟ್ಟರು, ಗಂಡಸರನ್ನು ಗಿಡಕ್ಕೆ ಕಟ್ಟಿ ಹೊಡೆದರು, ಹೆಂಗಸರ ಮೂಗಿನ ನತ್ತನ್ನು ಮೂಗಿನ ಸಮೇತ ಕಿತ್ತರು. ಉಸ್ಮಾನಸಾಬನಿಗೂ ತಮ್ಮ ಅಂಗಿ ತೊಡು ಎಂದರು. ತನ್ನ ಚೂರಿ ಕುರಿಗಷ್ಟೇ ಎಂದು ಅವನು ಹೇಳಿದ್ದಕ್ಕೆ ಬಂದೂಕಿನ ಹಿಂಬದಿಯಿಂದ ದವಡೆಗೆ ಕೊಟ್ಟರು. ಎರಡು ಹಲ್ಲು ಹೋದವು. ಅದನ್ನು ಕಂಡವಳು ಮಾಳಮ್ಮ ಒಬ್ಬಳೇ.

ಗೋಗಿಯ ದಾರಿಯಲ್ಲಿ ರಜಾಕಾರರು ಅಂಬ್ರಪ್ಪನ ಬಂಡಿಯನ್ನು ತಡೆದು ಎತ್ತು ಬಿಚ್ಚಿಕೊಡು ಎಂದರು. ಅವನು ಬಿಚ್ಚಲಿಲ್ಲ. ಅವನನ್ನು ಅವನದೇ ಬಂಡಿಯ ಗಾಲಿಗೆ ಕಟ್ಟಿ ಎತ್ತುಗಳನ್ನು ಬೆದರಿಸಿ ಓಡಿಸಿದರು. ಅರ್ಧ ಹರದಾರಿ ಓಡಿ ನಿಂತ ಬಂಡಿಯಲ್ಲಿ ಗುರುತು ಹಿಡಿಯುವಂಥದ್ದು ಸೊಂಟದ ಉಡದಾರವೊಂದೇ ಉಳಿದಿತ್ತು. ಅದನ್ನು ಮಾಡಿಸಿದ ಪರವೂರಿನ ಜಮಾದಾರ ಅದೇ ಮಧ್ಯಾಹ್ನ ತನ್ನ ಮಂದಿಯೊಡನೆ ಮಾಳಮ್ಮನ ಖಾನಾವಳಿಯಲ್ಲಿ ಉಂಡ. ಅವನಿಗೆ ಹಲ್ಲುನೋವಿತ್ತು. ಒಂದು ಕಡೆಯ ದವಡೆಯಲ್ಲಿ ಅಗಿಯುವುದನ್ನು ನೋಡಿ ಆಕೆ, ರಂಗಣ್ಣನಿಗೆ ಮಾಡುವ ಹಾಗೆ, ರೊಟ್ಟಿಯನ್ನು ಎಸರಿನಲ್ಲಿ ನೆನೆಸಿ ಕೊಟ್ಟಳು. ಅವನ ಬೂಟಿನ ಮೇಲಿನ ರಕ್ತ ಕುರಿಯದಲ್ಲ ಎಂದು ತಿಳಿದದ್ದು ಅವನು ಎದ್ದು ಹೋದ ಮೇಲೆ. ಆ ದಿನ ತೊಳೆದ ಗಂಗಾಳವನ್ನೇ ಮತ್ತೆ ಮತ್ತೆ ತೊಳೆದಳು. ತನ್ನ ಕೈಯ ಬಗ್ಗೆ ಆಕೆ ಮೊದಲ ಸಲ ಅಸಹ್ಯಪಟ್ಟುಕೊಂಡಳು.

ಹುಲಗಪ್ಪ ತಮ್ಮನಿಗೆ ಬೆಂಕಿ ಕೊಟ್ಟು ಕೃಷ್ಣಾ ದಾಟಿ, ರಜಾಕಾರರ ಮೇಲೆ ಬೀಳುವವರು ಆಚೆ ದಂಡೆಯಲ್ಲಿ ಹೂಡಿದ್ದ ಕ್ಯಾಂಪು ಸೇರಿದ. ಸಪ್ಟೆಂಬರಿನಲ್ಲಿ ಹಿಂದೂಸ್ತಾನದ ಫೌಜು ಬಂತು, ಐದು ದಿನದಲ್ಲಿ ಎಲ್ಲ ಮುಗಿಯಿತು. ಜಮಾದಾರ ಎಂದೋ ಹೈದರಾಬಾದಿನ ಕಡೆಗೆ ಕಾಲುಕಿತ್ತಿದ್ದ. ಮಾಡಿದವರೆಲ್ಲ ಓಡಿದ್ದರು, ಸಿಕ್ಕವರು ಎಲ್ಲಿಗೂ ಓಡಲು ಗೊತ್ತಿಲ್ಲದವರು. ಈಗ ಕೊಡಲಿ ಹಿಡಿದು ಓಣಿ ಓಣಿ ನುಗ್ಗುವ ಸರದಿ ಈ ಕಡೆಯವರದಾಯಿತು. ಪಿಂಜಾರರ ಓಣಿಯಲ್ಲಿ ಬಾವಿ ತುಂಬಿತು, ನೀರಿನಿಂದಲ್ಲ. ಸತ್ತವರ ಮನೆಯ ಕೋಳಿಗಳು ದಿಕ್ಕಿಲ್ಲದೆ ಬಜಾರಿನಲ್ಲಿ ತಿರುಗುತ್ತಿದ್ದವು.

ಉಸ್ಮಾನಸಾಬ ಹೆಂಡತಿ ಮಕ್ತುಂಬಿಯನ್ನು ಮೊದಲೇ ತವರಿಗೆ ಕಳಿಸಿದ್ದ. ತಾನು ಹಿತ್ತಲ ಗೋಡೆ ಹಾರಿ ಮಾಳಮ್ಮನ ಅಡುಗೆಮನೆಯ ಬಾಗಿಲಲ್ಲಿ ಬಂದು ನಿಂತ. ಏನೂ ಕೇಳಲಿಲ್ಲ. ಕೇಳುವವರೆಗೂ ಕಾಯುವ ಹೆಂಗಸು ಆಕೆಯಲ್ಲ. ಅಡುಗೆಮನೆಯ ಮೂಲೆಯಲ್ಲಿ ನೆಲದೊಳಗೆ ಜೋಳ ತುಂಬುವ ಹಗೇವಿತ್ತು, ಮಳೆಗಾಲವಾದ್ದರಿಂದ ಬರಿದಾಗಿತ್ತು. ಅವನನ್ನು ಅದರಲ್ಲಿ ಇಳಿಸಿ, ಉಸಿರಾಡಲು ಬೆರಳು ಸಂದಿಯಷ್ಟು ಬಿಟ್ಟು ಬಾಯಿಗೆ ಕಲ್ಲು ಎಳೆದು, ಮೇಲೆ ಸಗಣಿ ಕುಳ್ಳಿನ ಬುಟ್ಟಿ ಇಟ್ಟಳು. ಎರಡು ದಿನ ಕಳೆಯಿತು. ಕೆಳಗೆ ಅವನು ಕೆಮ್ಮಿದಾಗಲೆಲ್ಲ ಮೇಲೆ ಆಕೆ ಗಡಿಗೆ ಬಡಿಯುತ್ತಿದ್ದಳು.

ಮೂರನೆಯ ಬೆಳಿಗ್ಗೆ ಹುಲಗಪ್ಪ ಬಂದ, ಹಿಂದೆ ಹದಿಮೂರು ಮಂದಿ. ಗಡ್ಡ ಬೆಳೆದು ಕಣ್ಣು ಒಳಗೆ ಹೋಗಿದ್ದವು. ಎರಡು ಟಗರುಗಳನ್ನು ಬೇವಿನ ಮರಕ್ಕೆ ಕಟ್ಟಿ, ಮಧ್ಯಾಹ್ನಕ್ಕೆ ಎಲ್ಲರಿಗೂ ಊಟ ಆಗಬೇಕು ಎಂದು ಹೇಳಿ, ಉಳಿದ ಓಣಿಗಳ ಕಡೆ ಹೊರಟುಹೋದ. ಕೊಯ್ಯುವವರು ಯಾರೆಂದು ಅವನೂ ಹೇಳಲಿಲ್ಲ, ಆಕೆಯೂ ಕೇಳಲಿಲ್ಲ.

ಟಗರುಗಳನ್ನು ಹಿತ್ತಲಿಗೆ ಎಳೆದುಕೊಂಡು ಬಂದು ಮಾಳಮ್ಮ ಕುಡುಗೋಲು ಹಿಡಿದು ನಿಂತಳು. ಕೈ ಏಳಲಿಲ್ಲ. ಹೆದರಿಕೆಯಿಂದಲ್ಲ, ಕುರಿ ಕಾಯುವವರ ಮನೆಯ ಹೆಣ್ಣು ಆಕೆ, ರಕ್ತ ಕಾಣದವಳಲ್ಲ. ಈ ಅಡುಗೆಮನೆಯಿಂದ ಇಲ್ಲಿಯತನಕ ಮುಲ್ಲಾನ ಕೈ ತಾಕದ ಖಂಡ ಹೋಗಿರಲಿಲ್ಲ. ಉಣ್ಣಲು ಬರುವವರು ಕೊಲೆಗಡುಕರಾದರೂ ಹೆಣದ ಮಾಂಸ ಉಣಿಸಲು ಆಕೆಯ ಮನಸ್ಸು ಒಪ್ಪಲಿಲ್ಲ. ಈ ಮಾತಿಗೆ ನಗುವವರು ನಗಲಿ. ಕೆಲಸದ ಮೇಲೆ ಮರ್ಯಾದೆ ಇಟ್ಟುಕೊಂಡವರಿಗೆ ಗೊತ್ತಾಗುತ್ತದೆ. ಕುಳ್ಳಿನ ಬುಟ್ಟಿ ಸರಿಸಿ ಕಲ್ಲಿನ ಸಂದಿಯಲ್ಲಿ ಪಿಸುಗುಟ್ಟಿದಳು. ಉಸ್ಮಾನಸಾಬ ಮೇಲೆ ಬಂದ. ಬೆಳಕಿಗೆ ಕಣ್ಣು ಕಿರಿದು ಮಾಡಿಕೊಂಡು, ಎರಡೂ ಟಗರಿಗೆ ನೀರು ಕುಡಿಸಿ, ಕಣ್ಣಿನ ಮೇಲೆ ಅಂಗೈ ಇಟ್ಟು ಕೊಯ್ದ. ತನ್ನವರನ್ನು ಕಡಿದು ಬರುತ್ತಿರುವವರ ಊಟಕ್ಕೆ ಅವನು ಬಿಸ್ಮಿಲ್ಲಾ ಎಂದ. ಚರ್ಮ ಸುಲಿದು ಕೈ ತೊಳೆದು ಮತ್ತೆ ಹಗೇವಿಗೆ ಇಳಿದ. ಇವತ್ತು ಕೊರಳಿನ ಪಾಲು ಬೇಡ, ಮೇಲೆ ಬಂದ ದಿನ ಕೊಡು ಎಂದ.

ಮಧ್ಯಾಹ್ನ ಹದಿನಾಲ್ಕು ಮಂದಿ ಬಂದು ಕೊಡಲಿಗಳನ್ನು ಗೋಡೆಗೆ ಆನಿಸಿ ಸಾಲಾಗಿ ಕುಳಿತರು. ಕೈ ತೊಳೆದ ನೀರು ಅಂಗಳದಲ್ಲಿ ಕೆಂಪಗೆ ಹರಿಯಿತು. ಮಾಳಮ್ಮ ಗಂಗಾಳ ಇಟ್ಟಳು, ರೊಟ್ಟಿ ಹಾಕಿದಳು, ಉಳ್ಳಾಗಡ್ಡಿ ಗುದ್ದಿ ಇಟ್ಟಳು, ಖಂಡ ಬಡಿಸಿದಳು. ಎಲ್ಲರೂ ಹಸಿದ ತೋಳಗಳ ಹಾಗೆ ಉಣ್ಣತೊಡಗಿದರು. ಹುಲಗಪ್ಪ ಮಾತ್ರ ರೊಟ್ಟಿಯ ಅಂಚು ಮುರಿಯುತ್ತ, ಮುರಿದದ್ದನ್ನು ಗಂಗಾಳದಲ್ಲೇ ಇಡುತ್ತ ಕುಳಿತಿದ್ದ. ಬೆಳಗಿನಿಂದ ಎಷ್ಟೋ ಕೊರಳು ಇಳಿಸಿದವನಿಗೆ ಒಂದು ತುತ್ತು ಗಂಟಲಿನಲ್ಲಿ ಇಳಿಯದು. ತನ್ನ ಮಂದಿಯ ಎದುರು ಕೇಳಲು ಅವನಿಗೆ ಈ ದಿನ ಬಾಯಿಯೂ ಇರಲಿಲ್ಲ. ಯಾರ ಹೆಸರು ಹೇಳಿ ಕೇಳಬೇಕು?

ಮಾಳಮ್ಮನಿಗೆ ಕಂಡದ್ದು ಕೊಡಲಿ ಹಿಡಿದ ಆಳಲ್ಲ, ಉಣ್ಣದೆ ಕೂತ ಬಾಯಿ. ಅದು ಕಂಡಾಗ ಆಕೆಯ ಬುದ್ಧಿ ಓಡುತ್ತಿರಲಿಲ್ಲ, ಕೈ ಓಡುತ್ತಿತ್ತು. ಒಳಗೆ ಹೋಗಿ ನಳಿಗೆಯ ಎಲುಬು ಆರಿಸಿ ತಂದು, ಅವನ ಗಂಗಾಳಕ್ಕೆ ಹಾಕಲು ಬಗ್ಗಿ, ಹತ್ತು ವರ್ಷದ ಮಾತನ್ನು ಅವನ ಕಿವಿಯಲ್ಲಿ ಹೇಳಿದಳು.

“ಮುಲ್ಲಾನ ಕೈದಽ ಅದ. ಉಣ್ಣೋ ತಮ್ಮಾ.”

ಹುಲಗಪ್ಪನ ಹೆಗಲು ಸಡಿಲಾಯಿತು. ಒಂದು ತುತ್ತು ಬಾಯಿಗಿಟ್ಟ, ಅಗಿದ, ನುಂಗಿದ. ಎರಡನೆಯ ತುತ್ತು ತುಟಿಯ ಹತ್ತಿರ ಬಂದು ನಿಂತಿತು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಮಾಳಮ್ಮನಿಗೆ ತಾನು ಏನು ಹೇಳಿದೆನೆಂದು ತಿಳಿದದ್ದು ಅವನ ಮುಖ ಮೇಲಕ್ಕೆ ತಿರುಗಿದಾಗ. ಆ ಮಾತು ಕೇಳಿದವನು ಅವನೊಬ್ಬನೇ. ನುಂಗಿಕೊಂಡಿದ್ದರೆ ನುಂಗಿಹೋಗುತ್ತಿತ್ತು.

“ಯಾವ ಮುಲ್ಲಾ?” ಎಂದ.

ಅವನು ಎದ್ದು ನಿಂತ. ಸಾಲಿನಲ್ಲಿ ಉಣ್ಣುವ ಸಪ್ಪಳ ನಿಂತಿತು. ಉಂಡ ಮನೆಯ ಜಂತಿ ಎಣಿಸಬಾರದು ಎನ್ನುತ್ತಾರೆ. ಹುಲಗಪ್ಪ ಜಂತಿ, ಗೂಡು, ಅಟ್ಟ, ಬಾಗಿಲು ಎಲ್ಲವನ್ನೂ ಒಂದೊಂದಾಗಿ ನೋಡಿದ. ನೋಡಿ ಆಕೆಯ ಬಲಗೈಯ ಮಣಿಕಟ್ಟು ಹಿಡಿದು ಅಡುಗೆಮನೆಗೆ ಎಳೆದುಕೊಂಡು ಹೋದ.

“ನನ್ನ ತಮ್ಮನ್ನ ಕೊಂದವ ಅವತ್ತು ಇಲ್ಲೇ ಉಂಡು ಹೋಗ್ಯಾನಂತ. ಅವನಿಗೂ ಹಿಂಗಽ ಬಗ್ಗಿ ಬಗ್ಗಿ ಉಣಿಸಿದಿ?”

“ಉಣಿಸೀನಿ,” ಎಂದಳು ಮಾಳಮ್ಮ. “ಹಲ್ಲು ನೋಯಾಕತ್ತಿತ್ತು. ರೊಟ್ಟಿ ನೆನಸಿ ಕೊಟ್ಟೀನಿ. ಹಸದು ಬಂದವನ ಹೊಟ್ಟಿ ನೋಡತೀನಿ ನಾ, ಕೈ ನೋಡಂಗಿಲ್ಲ. ನಿನ್ನ ಕೈ ನೋಡಿದ್ರ ಇವತ್ತು ನಿನಗೂ ಉಣಿಸತಿದ್ದಿಲ್ಲ.”

ಸುಳ್ಳು ಹೇಳಬಹುದಿತ್ತು, ಹೇಳಲಿಲ್ಲ. ಒಲೆಯ ಮೇಲೆ ರೊಟ್ಟಿಯ ಹಂಚು ಕಾದು ಬೂದಿ ಬಣ್ಣಕ್ಕೆ ತಿರುಗಿತ್ತು. ಹುಲಗಪ್ಪ ಆಕೆಯ ಬಲ ಅಂಗೈಯನ್ನು ಅದರ ಮೇಲೆ ಇಟ್ಟು ಒತ್ತಿದ. ಎಲ್ಲಿದ್ದಾನೆ ಎಂದು ಕೇಳಿದ. ಚರ್ಮ ಚಟಪಟ ಎಂದಿತು. ಮಾಳಮ್ಮ ಸೆರಗನ್ನು ಬಾಯಲ್ಲಿ ತುರುಕಿಕೊಂಡು ಕಚ್ಚಿದಳು. ಹಗೇವಿನ ಮೂಲೆಯ ಕಡೆ ಕಣ್ಣು ಹೋಗಬಾರದೆಂದು ಬೆಂಕಿಯನ್ನೇ ನೋಡುತ್ತ ನಿಂತಳು. ಅವನು ಇನ್ನಷ್ಟು ಒತ್ತಿದ. ಸುಟ್ಟ ವಾಸನೆ ಖಂಡದ ವಾಸನೆಯೊಡನೆ ಬೆರೆತು ಪಡಸಾಲೆಯವರೆಗೆ ಹೋಯಿತು. ಆಕೆಯ ಗಂಟಲಿನಿಂದ, ತಡೆದರೂ ನಿಲ್ಲದೆ, ಒಂದು ಮುಲುಕು ಹೊರಬಿತ್ತು.

ಕುಳ್ಳಿನ ಬುಟ್ಟಿ ಉರುಳಿತು. ಕಲ್ಲು ಸರಿಯಿತು. ಉಸ್ಮಾನಸಾಬ ಕೆಮ್ಮುತ್ತ ಹಗೇವಿನಿಂದ ಮೇಲೆ ಬಂದ. ಚೂರಿಯನ್ನು ಕೆಳಗೇ ಬಿಟ್ಟು ಬಂದಿದ್ದ.

“ಆಕಿ ಕೈ ಬಿಡು ಹುಲಗಪ್ಪ. ಊರ ಮಂದಿ ಉಣ್ಣೋ ಕೈ ಅದು.”

ಹುಲಗಪ್ಪ ಬಿಟ್ಟ. ತಮ್ಮನನ್ನು ಎಳೆದು ಕೊಲ್ಲುವಾಗ ಎಲ್ಲಿದ್ದೆ ಎಂದು ಕೇಳಿದ. ಬಾಗಿಲು ಹಾಕಿಕೊಂಡು ಅಂಜಿ ಕುಳಿತಿದ್ದೆ ಎಂದ ಉಸ್ಮಾನಸಾಬ. ಅದು ನಿಜ, ಆ ದಿನ ಇಡೀ ಊರೇ ಹಾಗೆ ಕುಳಿತಿತ್ತು. ಅವನ ದವಡೆಯಲ್ಲಿ ಎರಡು ಹಲ್ಲು ಯಾಕಿಲ್ಲವೆಂದು ಮಾಳಮ್ಮ ಹೇಳಲು ಹೋದಳು. ಯಾರೂ ಕೇಳಿಸಿಕೊಳ್ಳಲಿಲ್ಲ. ಹದಿಮೂರು ಮಂದಿಯೂ ಎಂಜಲು ಕೈಯಲ್ಲಿ ಕೊಡಲಿ ಹಿಡಿದು ಅಡುಗೆಮನೆಯ ಬಾಗಿಲು ತುಂಬಿದ್ದರು. ಒಬ್ಬ ಅಲ್ಲೇ ಕೊಡಲಿ ಎತ್ತಿದ. ಉಸ್ಮಾನಸಾಬ ಅಂಗೈ ಅಡ್ಡ ಹಿಡಿದ.

“ಉಣ್ಣೋ ಜಾಗಾದಾಗ ಬ್ಯಾಡ್ರಿ. ಹೊರಗ ನಡೀರಿ.”

ತಾನೇ ಮುಂದಾಗಿ ನಡೆದ, ಬೀಗರ ಮನೆಯಿಂದ ಊಟ ಮುಗಿಸಿ ಏಳುವವನ ಹಾಗೆ. ಬೇವಿನ ಮರದ ಬುಡದಲ್ಲಿ ಮೊದಲ ಏಟು ಹೆಗಲಿಗೆ ಬಿತ್ತು, ಎರಡನೆಯದು ಕಿವಿಯ ಮೇಲೆ. ಬಿದ್ದವನು ಮೊಣಕಾಲೂರಿ ಏಳಲು ನೋಡಿದ. ಆಮೇಲೆ ಏಟುಗಳಿಗೆ ಲೆಕ್ಕವಿರಲಿಲ್ಲ. ಕೊನೆಯ ಏಟು ಹುಲಗಪ್ಪನದು, ಕೊರಳಿಗೆ. ಒಂದು ಗುಟುಕು ನೀರು ಕುಡಿಸುವವರಿರಲಿಲ್ಲ, ಕಣ್ಣಿನ ಮೇಲೆ ಕೈ ಇಡುವವರಿರಲಿಲ್ಲ. ಕುರಿಗೆ ಸಿಗುವ ಮರ್ಯಾದೆಯೂ ಅವನಿಗೆ ಸಿಗಲಿಲ್ಲ.

ಇಷ್ಟಾದ ಮೇಲೆ ಅವರು ಏನು ಮಾಡಿದರು ಗೊತ್ತೇ? ಕೈ ತೊಳೆದುಕೊಂಡು ಬಂದು ಮತ್ತೆ ಸಾಲಿನಲ್ಲಿ ಕುಳಿತರು. ಅರ್ಧ ಉಂಡ ಗಂಗಾಳ ಬಿಟ್ಟು ಏಳಬಾರದಲ್ಲ! ಅವರಲ್ಲಿ ಒಬ್ಬ ಮೌನಪ್ಪ ಎಂಬವನು ತನ್ನ ಗಂಗಾಳ ಮುಂದೆ ಚಾಚಿ, ಎಸರು ತಣ್ಣಗಾಗಿದೆ, ಬಿಸಿಯದು ತಾ ಎಂದ. ಮಾಳಮ್ಮ ಒಳಗೆ ಹೋದಳು. ಎಡಗೈ ಮತ್ತು ಎದೆಯ ನಡುವೆ ಕುದಿಯುವ ಗಡಿಗೆಯನ್ನು ಅವುಚಿಕೊಂಡು ಬಂದಳು. ಸಾಲಿನ ತಲೆಯಿಂದ ಕಡೆಯವರೆಗೆ, ಯಾರನ್ನೂ ಬಿಡದೆ, ಅವರ ತೊಡೆಗಳ ಮೇಲೆ ಸುರಿಯುತ್ತ ಹೋದಳು. ಕಿರುಚಾಟಕ್ಕೆ ಬೇವಿನ ಮರದ ಕಾಗೆಗಳು ಎದ್ದವು. ಯಾರೋ ಕೊಡಲಿಯ ಕಾವಿನಿಂದ ಆಕೆಯ ಬೆನ್ನಿಗೆ ಹೊಡೆದರು, ಗಡಿಗೆ ಒಡೆದರು, ಒಲೆ ಒದ್ದರು, ಮಾಳಿಗೆಯ ಸಜ್ಜೆಕಡ್ಡಿಗೆ ಬೆಂಕಿ ಇಟ್ಟರು. ಹುಲಗಪ್ಪ ಒಬ್ಬ ಮಾತ್ರ ಸಾಲಿನಲ್ಲಿರಲಿಲ್ಲ. ಹೊರಗೆ ಕಟ್ಟೆಯ ಮೇಲೆ ಕುಳಿತು ಗಂಟಲಿಗೆ ಎರಡು ಬೆರಳು ಹಾಕಿ ಆ ಒಂದು ತುತ್ತನ್ನು ಕಾರಲು ನೋಡುತ್ತಿದ್ದ. ಅದು ಬರಲಿಲ್ಲ.

ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದರು ಎಂಬಂತೆ ಫೌಜಿನವರು ಬಂದು ಪಹರೆ ಹಾಕಿದರು. ಗೋಗಿಯಿಂದ ಉಸ್ಮಾನಸಾಬನ ಅಳಿಯ ಸರದಾರಸಾಬ ಬಂದು ಮಣ್ಣು ಕೊಟ್ಟ. ಆ ದಿನದ ಕೊರಳಿನ ಪಾಲು, ಹಿತ್ತಲಲ್ಲಿ ಎತ್ತಿಟ್ಟದ್ದರಿಂದ ಬೆಂಕಿಗೆ ಸಿಗದೆ, ಮಾಳಮ್ಮನ ಹತ್ತಿರ ಹಾಗೆಯೇ ಉಳಿದಿತ್ತು. ಆಕೆ ಅದನ್ನು ಬಟ್ಟೆಯಲ್ಲಿ ಕಟ್ಟಿ ಗೋರಿಯ ಬದಿಯಲ್ಲಿ ಹುಗಿದಳು. ನಾನೇ ಕೊಂದೆ ಎಂದು ಆಕೆ ಎಷ್ಟೋ ದಿನ ಒಬ್ಬಳೇ ಅಂದುಕೊಂಡಳು. ಆ ಮಾತನ್ನು ಅಲ್ಲಗಳೆಯಲು ಹತ್ತಿರ ಯಾರೂ ಇರಲಿಲ್ಲ.

ವರ್ಷ ಕಳೆದ ಮೇಲೆ ಖಾನಾವಳಿ ಮತ್ತೆ ತೆರೆಯಿತು. ಮಾಳಮ್ಮನ ಬಲಗೈಯ ಬೆರಳು ಮುದುಡಿ ಅಂಗೈಗೆ ಅಂಟಿದ್ದವು. ಸೌಟನ್ನು ಆ ಸಂದಿಯಲ್ಲಿ ಸಿಕ್ಕಿಸಿಕೊಂಡು, ಎಡಗೈಯಿಂದ ಬಲಗೈಯನ್ನು ಎತ್ತಿ ಹಿಡಿದು ಬಡಿಸುತ್ತಿದ್ದಳು. ಎಡಗೈಯಲ್ಲಿ ಬಡಿಸಿದರೆ ಉಣ್ಣುವವನಿಗೆ ಅವಮಾನ. ಸರದಾರಸಾಬ ಗೋಗಿಯಿಂದ ಬಂದು ಕೊಯ್ದು ಹೋಗುತ್ತಿದ್ದ. ಯಾರಿಗೆ ಏನು ಬೇಕೆಂದು ಈಗಲೂ ಆಕೆ ಕೇಳುತ್ತಿರಲಿಲ್ಲ.

ಒಂದು ಸಂತೆಯ ಮಧ್ಯಾಹ್ನ ಹುಲಗಪ್ಪ ಒಬ್ಬನೇ ಬಂದ. ಕ್ಯಾಂಪಿನಲ್ಲಿದ್ದವನೆಂದು ಊರಿನಲ್ಲಿ ಈಗ ಅವನಿಗೆ ಮಾನವಿತ್ತು, ಹೆಗಲ ಮೇಲೆ ಬಿಳಿ ವಲ್ಲಿ ಇತ್ತು. ಮೈ ಮಾತ್ರ ಅರ್ಧವಾಗಿತ್ತು. ಮಂದಿ ಹೇಳುತ್ತಿದ್ದರು, ಅವನು ಎಲ್ಲಿಯೂ ಖಂಡ ಉಣ್ಣುವುದಿಲ್ಲ, ಬಾಯಿಗಿಟ್ಟರೆ ಕಾರುತ್ತಾನೆ ಎಂದು. ಸಾಲಿನಲ್ಲಿ ತನ್ನ ಹಳೆಯ ಜಾಗದಲ್ಲಿ, ರಂಗಣ್ಣನ ಪಕ್ಕದಲ್ಲಿ ಕುಳಿತ. ತಲೆ ತಗ್ಗಿಸಿ ಕಾದ. ಅವನು ಹಸಿದು ಬಂದದ್ದು ಊಟಕ್ಕಲ್ಲವೆಂದು ಮಾಳಮ್ಮನಿಗೆ ನೋಡಿದ ಕೂಡಲೇ ಗೊತ್ತಾಯಿತು. ಬೈದಿದ್ದರೂ ಅವನು ಉಣ್ಣುತ್ತಿದ್ದನೇನೋ. ಎದುರಿಗೆ ಬಂದು ನಿಂತು ಆಕೆ ಕೇಳಿದಳು.

“ಏನ್ ಬೇಕ್ರಿ ನಿಮಗ?”

ಸಾಲಿನಲ್ಲಿದ್ದವರು ತಲೆ ಎತ್ತಿದರು. ಆ ಮನೆಯಲ್ಲಿ ಆ ಮಾತನ್ನು ಯಾರೂ ಕೇಳಿರಲಿಲ್ಲ. ರೊಟ್ಟಿ ಅದ, ಖಾರಬ್ಯಾಳಿ ಅದ, ಖಂಡ ಅದ, ಯಾವುದು ಹಾಕಲಿ ಎಂದು ಆಕೆ ಮತ್ತೆ ಕೇಳಿದಳು. ಖಂಡ ಎಂದ. ಬಡಿಸಿದಳು. ಬಗ್ಗಲಿಲ್ಲ, ನಿಂತೇ ಬಡಿಸಿದಳು. ಅವನು ಗಂಗಾಳವನ್ನು ನೋಡುತ್ತ, ಕಿವಿಯನ್ನು ಆಕೆಯ ಕಡೆ ಇಟ್ಟು ಕುಳಿತ. ಕೊನೆಗೆ, ಹತ್ತು ವರ್ಷ ಕೇಳದೆ ಇದ್ದದ್ದನ್ನು ಮೆಲ್ಲಗೆ ಕೇಳಿದ.

“ಯಾರ್ ಕೊಯ್ದಾರ ಮಾಳವ್ವ?”

“ಉಣ್ಣೋದಿದ್ರ ಉಣ್ರಿ, ಇಲ್ಲಂದ್ರ ಏಳ್ರಿ. ಹಿಂದ ಮಂದಿ ನಿಂತಾರ.”

ಹುಲಗಪ್ಪ ಎದ್ದ. ಹೊಸ್ತಿಲು ದಾಟಿ ಹೋದ. ಮಾಳಮ್ಮ ಅವನ ಗಂಗಾಳವನ್ನು ತೆಗೆದು ಬದಿಗಿಟ್ಟು, ರಂಗಣ್ಣನ ಎದುರು ಬಗ್ಗಿ, ಎಸರಿನಲ್ಲಿ ನೆನೆಸಿದ ರೊಟ್ಟಿ ಹಾಕಿದಳು.